ಡ್ರಾಪ್ ಸೊನ್ನೆ ಆದ ವಾರ

24-11-2004, ಬುಧವಾರ, ಸಂಜೆ, ಲ್ಯಾಬ್

ಕ್ಷಮೆ ಇರಲಿ. ಬರೆಯುವಂಥದ್ದೇನೂ ನಡೆದಿಲ್ಲ. ಇವತ್ತು ಯಾರ ಹತ್ತಿರವೂ ಮಾತಾಡಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಾಲೇಜಿನ ನೆಟ್‌ವರ್ಕ್ ಮತ್ತೆ ಸ್ಲೋ. ಹಾಸ್ಟೆಲ್ಲಿನವರು ಯಾರೋ ಲೈನ್ ತುಂಬುತ್ತಿದ್ದಾರೆ ಅಂತ ಲ್ಯಾಬಿನ ಕಾಶೀನಾಥ ಸರ್‌ಗೆ ಅನುಮಾನ. ಲೈನಲ್ಲಿ ಹೋಗಿಬರುವ ಡೇಟಾದ ತುಣುಕುಗಳನ್ನು, ಅಂದರೆ ಪ್ಯಾಕೆಟ್‌ಗಳನ್ನು, ಹಿಡಿದು ನೋಡುವ ಕೆಲಸ ನನಗೆ. ಕಾನ್ವೆಂಟಿನಲ್ಲಿ ಓದಿದವನು, ಇಂಗ್ಲಿಷ್ ಮ್ಯಾನ್ಯುಯಲ್ ಓದುತ್ತೇನಂತೆ, ಅದಕ್ಕೆ. ಆದರೆ ಟ್ರಾಫಿಕ್ ಏರಿದರೆ ಅರ್ಧಕ್ಕರ್ಧ ಡ್ರಾಪ್. ಪ್ರೋಗ್ರಾಂ ಹಿಡಿಯುವಷ್ಟರಲ್ಲಿ ದಾಟಿಬಿಡುತ್ತವೆ.

"ಅರ್ಧ ಕ್ಯಾಪ್ಚರ್ ಇಟ್ಕೊಂಡು ಯಾರನ್ನ ಅಂತ ಕೇಳೋದು? ಡಿಸೆಂಬರ್ ಆರಕ್ಕೆ ಹೆಸರು ಕೊಡು. ಇಲ್ದಿದ್ರೆ ಇಡೀ ಹಾಸ್ಟೆಲ್ ಲೈನ್ ಕಟ್ ಮಾಡ್ತೀನಿ."

ಸರ್ ಅಂದಿದ್ದಕ್ಕೆ ತಲೆಯಾಡಿಸಿದೆ.

27-11, ಶನಿವಾರ

ನಂದನ್ ಲ್ಯಾಬಿಗೆ ಬಂದಿದ್ದ. ಹಾಸ್ಟೆಲ್ಲಿನಲ್ಲಿ ನನ್ನ ಪಕ್ಕದ ರೂಮು. ಬಾಳೂರಿನ ಕಾಫಿ ಎಸ್ಟೇಟಿನವರು, ಸ್ವಂತ ಕಂಪ್ಯೂಟರ್ ಇದೆ. ನನ್ನನ್ನು ಮಾತಾಡಿಸುವವನು ಅವನೊಬ್ಬನೇ.

"ಏನ್ ಕಾನ್ವೆಂಟು, ಊಟ ಆಯ್ತಾ? ಇಡೀ ದಿನ ಅದನ್ನೇ ನೋಡ್ತಿಯಲ್ಲ ಮಾರಾಯ, ಪಿಚ್ಚರಾ ಅದು?"

ನಕ್ಕೆ. ಹೇಳಲಿಲ್ಲ — ಸ್ಕ್ರೀನ್ ಮೇಲೆ ಸಾಲುಗಳು ಓಡುತ್ತಿದ್ದರೆ ಜೊತೆಗೆ ಯಾರೋ ಇದ್ದ ಹಾಗಿರುತ್ತದೆ...

2-12, ಗುರುವಾರ

ಗೊತ್ತಾಯಿತು. ತಪ್ಪು ನನ್ನದೇ. ಒಂದೊಂದು ಪ್ಯಾಕೆಟ್ಟನ್ನೂ ಸ್ಕ್ರೀನಿಗೆ ಬರೆಸುತ್ತಿದ್ದೆ, ಒಂದೊಂದು ಅಡ್ರೆಸ್ಸಿಗೂ ಹೆಸರು ಹುಡುಕಿಸುತ್ತಿದ್ದೆ. ಅಷ್ಟರಲ್ಲಿ ಪ್ಯಾಕೆಟ್‌ಗಳು ಕಾಯುವ ಜಾಗ, ಬಫರ್, ತುಂಬಿ ಮುಂದಿನವು ಚೆಲ್ಲಿಹೋಗುತ್ತಿದ್ದವು. ಈಗ ಹೆಸರು ಬೇಡ, ಸ್ಕ್ರೀನ್ ಬೇಡ. ಯಾರಿಂದ ಯಾರಿಗೆ ಅಂತ ಇರುವ ಪ್ಯಾಕೆಟ್ಟಿನ ತಲೆಭಾಗ ಮಾತ್ರ, ನೇರ ಫೈಲಿಗೆ. ಬಫರ್ ದೊಡ್ಡದು ಮಾಡಿದೆ.

ಡ್ರಾಪ್ — ಸೊನ್ನೆ.

ಯಾರಿಗೆ ಹೇಳಲಿ? ಸ್ಕ್ರೀನ್ ಕಪ್ಪು, ಓಡುವ ಸಾಲುಗಳೂ ಇಲ್ಲ.

5-12, ಭಾನುವಾರ, ಮಧ್ಯಾಹ್ನ

ಫೈಲ್ ತೆಗೆದು ನೋಡಿದೆ. ಒಂದೇ ಅಡ್ರೆಸ್ ಮುಕ್ಕಾಲು ಲೈನ್ ತಿನ್ನುತ್ತಿದೆ. ನನ್ನ ಪಕ್ಕದ ರೂಮಿನದು.

ಕಾಫಿ ಕುಯ್ಲು ಅಂತ ಅವನು ಶುಕ್ರವಾರವೇ ಊರಿಗೆ ಹೋಗಿದ್ದಾನೆ. ಬಾಗಿಲಿಗೆ ಬೀಗ. ಒಳಗೆ ಕಂಪ್ಯೂಟರಿನ ಸದ್ದು. ಸಿನಿಮಾ ಇಳಿಯಲಿ ಅಂತ ಬಿಟ್ಟುಹೋಗಿದ್ದಾನೆ.

ಮನೆಗೆ ಫೋನ್ ಮಾಡಿದೆ. ಅವನ ತಾಯಿ ಎತ್ತಿದರು.

"ಕಳಸದ ಸೈಬರಿಗೆ ಹೋಗಿದಾನೆ ಕಣಪ್ಪ. ನೀನ್ಯಾರು? ಹಾಸ್ಟೆಲ್ ಫ್ರೆಂಡಾ? ನಿನ್ ಹೆಸರು ಅವ್ನು ಹೇಳೇ ಇಲ್ವಲ್ಲ."

ಪರವಾಗಿಲ್ಲ ಆಂಟಿ ಅಂದೆ. ಇಟ್ಟೆ.

ಹೆಸರು ಕೊಟ್ಟರೆ ಮಾತಾಡಿಸುವವನೂ ಹೋದ. ಕೊಡದಿದ್ದರೆ ಹಾಸ್ಟೆಲ್ಲಿಗೇ ಲೈನ್ ಇಲ್ಲ. ಹೇಗೂ ಸೈಬರ್ ಕೆಫೆಯಲ್ಲಿದ್ದಾನೆ, ಮೇಲ್ ಕಳಿಸುತ್ತೇನೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ —

ನಂದನ್, ಲೈನ್ ತುಂಬುತ್ತಿರುವುದು ನಿನ್ನ ಮಷೀನ್. ಸರ್‌ಗೆ ಇನ್ನೂ ಹೇಳಿಲ್ಲ. ನಾಳೆ ಬೆಳಿಗ್ಗೆ ಹೇಳಲೇಬೇಕು. ಅದಕ್ಕೆ ಮೊದಲು ನೀನೇ ಅವರಿಗೆ ಫೋನ್ ಮಾಡಿ ಒಪ್ಪಿಕೊಂಡರೆ ಸರ್ ಅಷ್ಟು ಬಯ್ಯಲಿಕ್ಕಿಲ್ಲ. ನನ್ನ ಮೇಲೆ ಸಿಟ್ಟು ಬಂದರೆ ಅದನ್ನೂ ಬರಿ. ಸೈಬರಿನಿಂದ ಏಳುವ ಮೊದಲು ರಿಪ್ಲೈ ಮಾಡು.