ಬದುಕಿರುವವಳಿಗೆ ಇಟ್ಟ ಎಡೆ

ಸಕಾತಾ,
ನವೆಂಬರ್ 19, ಬೆಳಿಗ್ಗೆ

ಚಿಜುರು, ಮಗಳೇ,

ವಿಳಾಸದ ಅಕ್ಷರ ನೋಡಿಯೇ ಇದು ಅಮ್ಮನ ಕಾಗದವಲ್ಲ ಎಂದು ನಿನಗೆ ಗೊತ್ತಾಗಿರುತ್ತದೆ. ಹರಿದುಹಾಕಬೇಡ, ಒಂದು ಸಲ ಓದು. ಹೇಗಿದ್ದೀಯ? ಹಾಕೊದಾತೆಯಲ್ಲಿ ಆಗಲೇ ಹಿಮ ಬಿದ್ದಿದೆಯಂತೆ, ರೇಡಿಯೋದಲ್ಲಿ ಕೇಳಿದೆ. ಚಳಿ ಬಂತೆಂದರೆ ನಿನ್ನ ಬಲಗೈಯ ಮಣಿಕಟ್ಟು ನೋಯುತ್ತಿತ್ತಲ್ಲ, ಈಗ ಹೇಗಿದೆ? ಬ್ರೆಡ್ ಅಂಗಡಿಯಲ್ಲಿ ಹಿಟ್ಟು ನಾದುವ ಕೆಲಸವಂತೆ. ಅಮ್ಮ ನನಗೆ ಹೇಳಿದ್ದಲ್ಲ, ಪಕ್ಕದ ಮನೆಯವರ ಹತ್ತಿರ ಹೇಳುತ್ತಿದ್ದಾಗ ಕೇಳಿಸಿಕೊಂಡೆ. ನಾನು ಆರೋಗ್ಯವಾಗಿದ್ದೇನೆ. ಮೊಣಕಾಲು ಮಾತ್ರ ಕೈಕೊಟ್ಟಿದೆ. ಐವತ್ತು ವರ್ಷ ಮಂಡಿಯೂರಿ ಚಾಪೆ ಹೊಲಿದವನ ಮೊಣಕಾಲು ಇನ್ನು ಹೇಗಿದ್ದೀತು! ಅಮ್ಮನೂ ಚೆನ್ನಾಗಿದ್ದಾಳೆ, ಆದರೆ ಹತ್ತು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅವಳದೇನೂ ತಪ್ಪಿಲ್ಲ. ನಾನು ಮಾಡಿರುವ ಕೆಲಸ ಅಂಥದ್ದು, ಅದನ್ನು ನಿನಗೆ ಹೇಳದೆ ಇದ್ದರೆ ನನಗೂ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ.

ನನಗೆ ಎಪ್ಪತ್ತೇಳು ತುಂಬಿತು. ಮನೆಮಂದಿಯೆಲ್ಲ ಸೇರಿ ಬಿಸಿನೀರ ಬುಗ್ಗೆಗೆ ಹೋಗಬೇಕೆಂದು ಅಮ್ಮ ಹಟ ಹಿಡಿದಳು. ನೀನು ಆರನೇ ತರಗತಿಯಲ್ಲಿದ್ದಾಗ ಅತ್ಸುಮಿಯಲ್ಲಿ ಒಂದು ವಸತಿಗೃಹದಲ್ಲಿ ಉಳಿದಿದ್ದೆವು, ನೆನಪಿದೆಯೇ? ಸ್ನಾನಕ್ಕೆ ಹೋದವಳು ಕೋಣೆಗೆ ದಾರಿ ಸಿಗದೆ ಅಡುಗೆಮನೆಗೆ ನುಗ್ಗಿದ್ದೆಯಲ್ಲ, ಅದೇ ಮಾತ್ಸುನೊಯಾ. ಅಲ್ಲೇ ಕೋಣೆ ಹೇಳಿದೆವು. ಮೂರು ಜನ ಎಂದು ಹೇಳಿದವನು ನಾನೇ. ಅಮ್ಮ ನಿನಗೆ ಬರೆದಿದ್ದಾಳೆಂದು ನನಗೆ ಗೊತ್ತಿತ್ತು, ಆದರೂ ಏನೂ ಅರಿಯದವನ ಹಾಗೆ ಪೇಪರು ಓದುತ್ತಾ ಕೂತಿದ್ದೆ. ಹೊರಡುವ ಹಿಂದಿನ ದಿನ ನಿನ್ನ ಕಾರ್ಡು ಬಂತು, ಬರಲಾಗುವುದಿಲ್ಲ ಎಂದು. ಅಮ್ಮ ಅದನ್ನು ಏಪ್ರನ್ ಜೇಬಿಗೆ ತುರುಕಿಕೊಂಡು ಅಕ್ಕಿ ತೊಳೆಯಲು ಹೋದಳು. ನಾನು ವಸತಿಗೃಹಕ್ಕೆ ಫೋನ್ ಮಾಡಿದೆ. ಇಬ್ಬರೇ ಬರುತ್ತೇವೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕೊನೆಯ ರೈಲಿಗಾದರೂ ನೀನು ಬಂದರೆ ಎಂದು ಒಂದು ಆಸೆ, ಮಗಳು ಬರಲೊಪ್ಪಲಿಲ್ಲ ಎಂದು ಪರರೆದುರು ಹೇಳಲು ಬಿಡದ ಒಂದು ಜಂಬ. "ಊಟ ಮೂರಕ್ಕೇ ಇಡಿ. ಒಂದು ಮಗಳದು. ಅವಳು ಬರೋ ಹಾಗಿಲ್ಲ" ಎಂದುಬಿಟ್ಟೆ. ಆ ಕಡೆಯ ಹೆಂಗಸು ದನಿ ತಗ್ಗಿಸಿ, ಅರ್ಥವಾಯಿತು ಯಜಮಾನರೇ, ನಾವು ನೋಡಿಕೊಳ್ಳುತ್ತೇವೆ ಎಂದಳು. ಏನು ಅರ್ಥವಾಯಿತೆಂದು ನಾನು ಕೇಳಲಿಲ್ಲ.

ನಮ್ಮ ಕೋಣೆಗೆ ಫುಸಾ ಎಂಬ ಅರವತ್ತು ದಾಟಿದ ಹೆಂಗಸನ್ನು ಹಾಕಿದ್ದರು. ಹೊಸ್ತಿಲಲ್ಲೇ ಮಂಡಿಯೂರಿ ಹಣೆ ಚಾಪೆಗೆ ತಾಗುವ ಹಾಗೆ ನಮಸ್ಕರಿಸಿ, ಚಹಾ ಮಾಡಿಕೊಟ್ಟು, ಬೇರೆ ಅತಿಥಿಗಳಿಗೆ ಮಾಡುವುದಕ್ಕಿಂತ ಒಂದು ಕೈ ಹೆಚ್ಚೇ ಉಪಚಾರ ಮಾಡಿದಳು. ನನ್ನ ವಯಸ್ಸಿಗೆ ಕೊಟ್ಟ ಮರ್ಯಾದೆ ಎಂದುಕೊಂಡು ಉಬ್ಬಿದೆ. ನನ್ನ ಬುದ್ಧಿ ನಿನಗೆ ಗೊತ್ತಲ್ಲ, ಅವಳು ಆ ಕಡೆ ಹೋದದ್ದೇ ತಡ, ಚಾಪೆಯ ಅಂಚು ತಡವಿ ಹೊಲಿಗೆಗೆ ಮೂಗು ಮುರಿದೆ. ಎಲ್ಲ ಮೆಷಿನ್ನಿನ ಕೆಲಸ. ಅಮ್ಮ, ಇವತ್ತೊಂದು ದಿನವಾದರೂ ಕೆಳಗೆ ನೋಡಬೇಡಿ, ಕಿಟಕಿಯ ಹೊರಗೆ ನೋಡಿ ಎಂದು ನಕ್ಕಳು. ಅವಳು ನಕ್ಕದ್ದು ಅದೇ ಕೊನೆ.

ಸ್ನಾನ ಮುಗಿಸಿ, ಅವರು ಕೊಟ್ಟ ಹತ್ತಿಯ ನಿಲುವಂಗಿ ಸುತ್ತಿಕೊಂಡು ಆರು ಗಂಟೆಗೆ ಊಟಕ್ಕೆ ಕೂತೆವು. ಫುಸಾ ಮೊದಲು ನಮ್ಮಿಬ್ಬರದು ಇಟ್ಟಳು. ಆಮೇಲೆ ಮೂರನೆಯದು ತಂದಳು. ತಟ್ಟೆ ಚಿಕ್ಕದು, ಎಲ್ಲವೂ ತುತ್ತು ತುತ್ತು: ಒಂದು ಹೋಳು ಮೀನು, ಎರಡು ಚೂರು ಕುಂಬಳಕಾಯಿ, ಮುಚ್ಚಳ ಹಾಕಿದ ಬಟ್ಟಲಲ್ಲಿ ಸಾರು. ಪಕ್ಕದಲ್ಲೊಂದು ಬಿಳಿ ಸೇವಂತಿಗೆ. ಆಗ ನನಗೆ ಗೊತ್ತಾಯಿತು. ತೀರಿಕೊಂಡವರಿಗೆ ಇಡುವ ಎಡೆ ಅದು, ಚಿಜುರು. ನಾನು ಫೋನಿನಲ್ಲಿ ಆಡಿದ ಮಾತಿಗೆ ಅವರು ಆ ಅರ್ಥ ಹಚ್ಚಿದ್ದರು, ಅವರದೇನು ತಪ್ಪು? ಅಮ್ಮನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಫುಸಾ ಕೈ ಜೋಡಿಸಿ ಮೆಲ್ಲಗೆ ಕೇಳಿದಳು, "ಮಗಳದು ಫೋಟೋ ಏನಾದ್ರೂ ತಂದಿದ್ದೀರಾ ಯಜಮಾನ್ರೇ? ತಂದಿದ್ರೆ ಎದುರಿಗೆ ಇಡ್ತೀನಿ." ಇಲ್ಲಮ್ಮ, ನನ್ನ ಮಗಳು ಗಟ್ಟಿಮುಟ್ಟಾಗಿದ್ದಾಳೆ, ನಾನು ಬಾಗಿಲು ಹಾಕಿದ್ದರಿಂದ ಬರಲಿಲ್ಲ ಎನ್ನಬೇಕಿತ್ತು. ಆ ಒಂದು ಮಾತು ಆಡಲು ನಾಚಿಕೆಯಾಯಿತು. ನಾನೇನು ಮಾಡಿದೆ ಗೊತ್ತೇ? ಪರ್ಸು ತೆಗೆದು ಫೋಟೋ ಕೊಟ್ಟೆ. ಹದಿನಾರು ವರ್ಷದ ನೀನು, ಅಂಗಡಿಯ ಕಟ್ಟೆಯ ಮೇಲೆ, ಕೈಯಲ್ಲಿ ನನ್ನ ದಬ್ಬಣ. ಒಂಬತ್ತು ವರ್ಷದಿಂದ ಅದು ನನ್ನ ಪರ್ಸಿನಲ್ಲಿದೆ ಎಂದು ಅಮ್ಮನಿಗೂ ಗೊತ್ತಿರಲಿಲ್ಲ. ಫುಸಾ ಅದನ್ನು ಸೇವಂತಿಗೆಗೆ ಒರಗಿಸಿ ನಿಲ್ಲಿಸಿದಳು. ಎಷ್ಟು ವರ್ಷವಾಯಿತು ಎಂದು ಕೇಳಿದಳು. ಒಂಬತ್ತು ಎಂದೆ. ನನ್ನ ಕೈಯಾರೆ ಕಳೆದುಕೊಂಡೆ ಎಂದೂ ಅಂದೆ. ಅವಳ ಕಣ್ಣು ತುಂಬಿತು. "ಹಾಗನ್ಕೋಬೇಡಿ. ಮಕ್ಕಳು ಹೋದ್ಮೇಲೆ ಎಲ್ಲ ಅಪ್ಪಂದಿರೂ ಹೀಗೇ ಅಂತಾರೆ" ಎಂದು ನನ್ನನ್ನೇ ಸಮಾಧಾನ ಮಾಡಿ ಹೋದಳು. ಇಂಗು ತಿಂದ ಮಂಗನ ಹಾಗೆ ಕೂತಿದ್ದೆ.

ಅಮ್ಮ ಊಟ ಮುಟ್ಟಲಿಲ್ಲ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದಳು. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಬಾಗಿಲಲ್ಲಿ ನಿಂತು, ನನ್ನ ಮುಖ ಕೂಡ ನೋಡದೆ, "ಅವತ್ತು ಬರೀ ಬಾಯಲ್ಲಿ ಅಂದ್ರಿ. ಇವತ್ತು ಎಡೆ ಇಡಿಸಿ ಮುಗಿಸಿದ್ರಿ" ಎಂದಳು. ಆಮೇಲೆ ಹೆಂಗಸರ ಸ್ನಾನದ ಮನೆಗೆ ಹೋದವಳು ಎರಡು ಗಂಟೆ ಬರಲೇ ಇಲ್ಲ.

ನೀನೂ ನಾನೂ ಎದುರುಬದುರು ಕೂತಿದ್ದೆವು. ಸಾರು ಆರುತ್ತದಲ್ಲ ಎಂದು ಯಾಕೋ ನಿನ್ನ ಬಟ್ಟಲಿನ ಮುಚ್ಚಳ ತೆಗೆದೆ. ಒಳಗಡೆ ಹನಿ ಹನಿಯಾಗಿ ನೀರು ಕಟ್ಟಿತ್ತು. ನಿನ್ನ ಅಜ್ಜ ವರ್ಷಕ್ಕೆ ಐದು ತಿಂಗಳು ಉತ್ತರದ ಸಮುದ್ರದಲ್ಲಿ ಸಾಲ್ಮನ್ ಹಿಡಿಯಲು ಹೋಗುತ್ತಿದ್ದರಲ್ಲ, ಆಗ ನನ್ನ ಅವ್ವ ದಿನಾ ಅವರ ಪಾಲಿನ ತಟ್ಟೆ ಇಡುತ್ತಿದ್ದಳು. ಅವಳ ಕಾಲದಲ್ಲಿ ಇಂಥ ತಟ್ಟೆ ಇಡುತ್ತಿದ್ದದ್ದು ಸತ್ತವರಿಗಲ್ಲ. ದೂರ ಹೋದವರು ಅಲ್ಲಿ ಹಸಿದಿರಬಾರದು, ನೆಟ್ಟಗೆ ಮನೆಗೆ ಬರಬೇಕು ಎಂದು. ಊಟವಾದ ಮೇಲೆ ಮುಚ್ಚಳ ಎತ್ತಿ ನಮಗೆ ತೋರಿಸುವಳು: "ನೋಡ್ರೋ, ಹನಿ ನಿಂತದೆ. ನಿಮ್ಮಪ್ಪ ಚೆನ್ನಾಗವ್ರೆ." ಬಿಸಿ ಸಾರಿನ ಮುಚ್ಚಳದಲ್ಲಿ ಹನಿ ನಿಲ್ಲದೆ ಇನ್ನೇನಾದೀತು, ಈಗ ನನಗೂ ಗೊತ್ತು. ಆದರೂ ಆ ಮುಚ್ಚಳ ಹಿಡಿದುಕೊಂಡು ಎಷ್ಟೋ ಹೊತ್ತು ಕೂತಿದ್ದೆ. ಆಮೇಲೆ ನಿನ್ನ ಪಾಲಿನದನ್ನೆಲ್ಲ ನಾನೇ ತಿಂದೆ. ಅಳುತ್ತಾ ತಿಂದೆ ಎಂದು ಬರೆಯಲು ಈ ವಯಸ್ಸಿನಲ್ಲಿ ಸಂಕೋಚ, ಆದರೆ ತಿಂದದ್ದು ಹಾಗೆಯೇ.

ಬೆಳಿಗ್ಗೆ ಫುಸಾಳಿಗೆ ನಿಜ ಹೇಳಿಬಿಡಬೇಕೆಂದು ಬಟ್ಟೆ ಹಾಕಿಕೊಳ್ಳುವಾಗಲೇ ಮಾತು ಜೋಡಿಸಿಕೊಂಡಿದ್ದೆ. ಹೊರಡುವಾಗ ನೋಡಿದರೆ ಮುಂಬಾಗಿಲಲ್ಲಿ ವಸತಿಗೃಹದ ಯಜಮಾನಿಯೇ ನಿಂತಿದ್ದಾಳೆ, ಹಿಂದೆ ಸಾಲಾಗಿ ಕೆಲಸದವರೆಲ್ಲ. ಯಜಮಾನಿ ಎರಡೂ ಕೈಯಲ್ಲಿ ಒಂದು ಚಿಕ್ಕ ಪೊಟ್ಟಣ ಚಾಚಿ, ಮನೆಯಲ್ಲಿ ಮಗಳ ಮುಂದೆ ಹಚ್ಚಿ ಎಂದಳು. ಊದುಬತ್ತಿ! ಅಷ್ಟು ಜನ ಒಟ್ಟಿಗೆ ತಲೆಬಾಗಿದರು. ನಾನೂ ತಲೆಬಾಗಿದೆ. ತೆಗೆದುಕೊಂಡೆ. ಜೋಡಿಸಿಕೊಂಡಿದ್ದ ಮಾತೆಲ್ಲ ಅಲ್ಲೇ ನುಂಗಿಕೊಂಡು, ಹಿಡಿಯಷ್ಟಾಗಿ ಬಸ್ಸು ಹತ್ತಿದೆ. ಅಮ್ಮ ಆ ಪೊಟ್ಟಣವನ್ನು ತೀರಿಕೊಂಡ ಹಿರಿಯರಿಗೆ ಕೈಮುಗಿಯುವ ಗೂಡಿನ ಹತ್ತಿರಕ್ಕೂ ಸೇರಿಸಲಿಲ್ಲ. ನಾನು ಕೆಲಸ ಮಾಡುವ ಹಲಗೆಯ ಮೇಲೆ, ದಬ್ಬಣದ ಪೆಟ್ಟಿಗೆಯ ಪಕ್ಕ ಇಟ್ಟುಬಿಟ್ಟಳು. ಹತ್ತು ದಿನದಿಂದ ಅದು ಅಲ್ಲೇ ಇದೆ, ನಾನು ದಿನವೂ ಅದರ ಎದುರಿಗೇ ಕೂರುತ್ತೇನೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೊಸಾಕುವನ್ನು ನಿನಗೆ ಗಂಟುಹಾಕಿದವನು ನಾನು. ನನ್ನ ಹತ್ತಿರ ಕೆಲಸ ಕಲಿತ ಹುಡುಗ, ಅಂಗಡಿ ಉಳಿಸುತ್ತಾನೆ ಎಂಬ ದುರಾಸೆ. ಮೂರು ವರ್ಷ ಸಹಿಸಿ ನೀನು ಒಂದು ಚೀಲ ಹಿಡಿದು ಬಂದಾಗ, ಏನಾಯಿತೆಂದು ಒಂದು ಮಾತು ಕೇಳಲಿಲ್ಲ. ನನಗೆ ಮಗಳು ಇರಲೇ ಇಲ್ಲ ಎಂದುಕೊಳ್ಳುತ್ತೇನೆ ಎಂದು ಬಾಗಿಲಲ್ಲೇ ನಿಲ್ಲಿಸಿ ಹೇಳಿದೆ. ನೀನು ಚಪ್ಪಲಿ ಕೂಡ ಬಿಚ್ಚಿರಲಿಲ್ಲ. ಅವನಾದರೂ ಉಳಿದನೇ? ವರ್ಷ ತುಂಬುವುದರೊಳಗೆ ಸೆಂದಾಯಿಯ ದೊಡ್ಡ ಅಂಗಡಿಗೆ ಹೋದ. ಇಷ್ಟು ವರ್ಷ ಅದು ಸಿಟ್ಟಿನಲ್ಲಿ ಆಡಿದ ಮಾತು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಆ ಬಿಳಿ ಸೇವಂತಿಗೆ ನೋಡಿದ ಮೇಲೆ ಹಾಗೆ ಹೇಳಿಕೊಳ್ಳಲು ಆಗುತ್ತಿಲ್ಲ. ತಪ್ಪಾಯಿತು ಮಗಳೇ. ಹೊಟ್ಟೆಗೆ ಹಾಕಿಕೋ ಎಂದು ಕೇಳುವ ಮುಖ ನನಗಿಲ್ಲ, ತಪ್ಪು ನನ್ನದು ಎಂದಷ್ಟೇ ಹೇಳುತ್ತೇನೆ.

ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಕೆಲಸ ಮಾಡು. ನೂರು ವರ್ಷ ಚೆನ್ನಾಗಿ ಬಾಳು.

ನಿನ್ನ ಅಪ್ಪ,
ಎಯಿಜೊ

ಮರೆತಿದ್ದೆ: ಲಕೋಟೆ ಅಂಟಿಸುವ ಮೊದಲು ಧೈರ್ಯ ಮಾಡಿ ಮಾತ್ಸುನೊಯಾಕ್ಕೆ ಫೋನ್ ಮಾಡಿ ಫುಸಾಳನ್ನು ಕರೆಸಿದೆ. ಮಗಳು ಬದುಕಿದ್ದಾಳೆ, ನಾನು ಸುಳ್ಳುಗಾರ ಎಂದೆ. ಬೈಯುತ್ತಾಳೆಂದು ಕಾದೆ. ಅವಳು ಉಸಿರು ಬಿಟ್ಟು, "ಸದ್ಯ, ಬದುಕಿದಾರಲ್ಲ" ಎಂದಳು. ಮಾರ್ಚ್ ಎರಡನೇ ಶನಿವಾರಕ್ಕೆ ಮೂರು ಜನಕ್ಕೆ ಕೋಣೆ ಹೇಳಿದ್ದೇನೆ. ನೀನು ಬಾರದಿದ್ದರೆ ಆ ಜಾಗದಲ್ಲಿ ಏನೂ ಇಡಬೇಡಿ, ಖಾಲಿಯೇ ಇರಲಿ ಎಂದೂ ಹೇಳಿದ್ದೇನೆ. ಫೋನ್ ಇಡುವ ಮೊದಲು ಬರುವ ಅತಿಥಿಗಳ ಬಗ್ಗೆ ಕೇಳುವ ಹಾಗೆ ಅವಳು ನಿನ್ನ ಬಗ್ಗೆಯೂ ಕೇಳಿದಳು, ಊಟದಲ್ಲಿ ಮಗಳಿಗೆ ಆಗದ ತಿನಿಸು ಏನಾದರೂ ಇದೆಯೇ ಎಂದು. ನನಗೆ ಗೊತ್ತಿರಲಿಲ್ಲ. ಒಂಬತ್ತು ವರ್ಷದಿಂದ ನೀನು ಏನು ತಿನ್ನುತ್ತೀಯೋ ಏನು ಬಿಟ್ಟಿದ್ದೀಯೋ ನನಗೆ ಒಂದೂ ಗೊತ್ತಿಲ್ಲ. ಕೇಳಿ ಹೇಳುತ್ತೇನೆ ಎಂದಿದ್ದೇನೆ. ಬೇರೇನೂ ಬರೆಯದಿದ್ದರೂ ಸರಿ, ಒಂದು ಕಾರ್ಡಿನಲ್ಲಿ ಅಷ್ಟು ಬರೆ.