ಖುದ್ದಾಗಿ ಹಾಜರಾಗಬೇಕಾದ ಲಾವಣ್ಯ

ಪರೀಕ್ಷಾ ವಿಭಾಗದ ಮಾನ್ಯ ನಿರ್ದೇಶಕರೇ,

ನಾಲ್ಕು ತಿಂಗಳು ಕಾಯಿಸಿ ನೀವು ಕಳಿಸಿದ ಉತ್ತರ ನನ್ನ ಮೇಜಿನ ಮೇಲಿದೆ. ಲಾವಣ್ಯ ಎಂಬ ಹುಡುಗಿಯ ನಾಲ್ಕನೇ ಮತ್ತು ಐದನೇ ತರಗತಿಯ ಉತ್ತರ ಪತ್ರಿಕೆಗಳನ್ನು ಅವಳ ತಾಯಿಗೆ ಕೊಡಿ ಎಂದು ನಾನು ಕೇಳಿದ್ದೆ. "ಸದರಿ ವಿದ್ಯಾರ್ಥಿನಿಯು ಗುರುತಿನ ಚೀಟಿಯೊಂದಿಗೆ ಖುದ್ದಾಗಿ ಹಾಜರಾಗಿ ಸಹಿ ಮಾಡಿದಲ್ಲಿ ಮಾತ್ರ ಪರಿಶೀಲಿಸಲಾಗುವುದು" ಎಂದು ಬರೆದಿದ್ದೀರಿ. ಲಾವಣ್ಯ ತೀರಿಕೊಂಡಿದ್ದಾಳೆ ಎಂಬುದು ನನ್ನ ಅರ್ಜಿಯ ಮೊದಲ ಸಾಲಿನಲ್ಲೇ ಇತ್ತು. ಮೊದಲ ಸಾಲು ಓದುವ ಪದ್ಧತಿ ನಿಮ್ಮ ಕಚೇರಿಯಲ್ಲಿ ಇಲ್ಲವೆಂದು ತಿಳಿದಿದ್ದರೆ ಎರಡನೆಯ ಸಾಲಿನಲ್ಲೂ ಬರೆಯುತ್ತಿದ್ದೆ. ನಿಮ್ಮ ಪತ್ರ ಖಾಸಗಿಯಾಗಿ ಬಂತು. ನನ್ನದು ಎಲ್ಲರೂ ಓದುವಂತೆ ಬರುತ್ತಿದೆ. ಆ ಹುಡುಗಿ ಪರೀಕ್ಷೆ ಬರೆದದ್ದು ಕನ್ನಡದಲ್ಲಿ, ಆದ್ದರಿಂದ ಕನ್ನಡದಲ್ಲೇ ಬರುತ್ತಿದೆ.

ನನ್ನ ಪರಿಚಯ ನಿಮಗಿದೆ. ಆದೋನಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತ, ನಲವತ್ತು ದಾಟಿದ ಮೇಲೆ ಶೈಕ್ಷಣಿಕ ಮಾಪನದಲ್ಲಿ ಡಾಕ್ಟರೇಟಿಗೆ ಕೂತವಳು. ಮಗುವಿನ ಕಲಿಕೆಯನ್ನು ವರ್ಷದಿಂದ ವರ್ಷಕ್ಕೆ ನಂಬುವ ಹಾಗೆ ಅಳೆಯಲು ಸಾಧ್ಯವೇ ಎಂಬುದು ನನ್ನ ಪ್ರಶ್ನೆ. ನಿಮ್ಮ ಕಚೇರಿ ನನಗೆ ಆಂಧ್ರದ ಗಡಿಭಾಗದ ಕನ್ನಡ ಮಾಧ್ಯಮ ಶಾಲೆಗಳ ನಾನೂರಹನ್ನೆರಡು ಮಕ್ಕಳ ಮೂರು ವರ್ಷದ ಉತ್ತರಗಳ ಪಟ್ಟಿ ಕೊಟ್ಟಿತು. ನಕಲು ಹುಡುಕುವ ಲೆಕ್ಕಾಚಾರ ನಡೆಸಿದೆ. ಅಕ್ಕಪಕ್ಕ ಕೂತ ಇಬ್ಬರು ಒಂದೇ ತಪ್ಪನ್ನು ಒಂದೇ ರೀತಿ ಮಾಡಿದ್ದರೆ ಅದು ಸಿಕ್ಕಿಬೀಳುತ್ತದೆ. ಕೆಲವರು ಸಿಕ್ಕಿಬಿದ್ದರು. ಲಾವಣ್ಯ ಸಿಕ್ಕಿಬೀಳಲಿಲ್ಲ. ಮೂವತ್ತಕ್ಕೆ ಮೂರನೇ ತರಗತಿಯಲ್ಲಿ ಹನ್ನೊಂದು, ನಾಲ್ಕರಲ್ಲಿ ಹದಿನಾರು, ಐದರಲ್ಲಿ ಇಪ್ಪತ್ತೊಂದು. ಹಳೆಯ ತಪ್ಪುಗಳು ಒಂದೊಂದಾಗಿ ತಿದ್ದಿಕೊಂಡಿದ್ದವು, ತಿದ್ದದವು ಅದೇ ರೂಪದಲ್ಲಿ ಉಳಿದಿದ್ದವು. ಮಗು ಕಲಿಯುವುದು ಹೀಗೆಯೇ. ನಾನೂರಹನ್ನೆರಡರಲ್ಲಿ ಅತ್ಯಂತ ನಂಬಲರ್ಹವಾದ ಸಾಲು ಅವಳದು. ಅವಳನ್ನು ನೋಡಬೇಕೆನಿಸಿತು.

ಸೆಪ್ಟೆಂಬರಿನ ಒಂದು ಭಾನುವಾರ ಹೊಳಗುಂದದ ಬಸ್ಸಿಳಿದು, ಶೇರ್ ಆಟೋದಲ್ಲಿ ಆ ಊರಿಗೆ ಹೋದೆ. ಊರಿನ ಹೆಸರು ಇಲ್ಲಿ ಹೇಳುವುದಿಲ್ಲ. ಲಾವಣ್ಯನ ತಾಯಿ ಮೂಕಮ್ಮ ಕಟ್ಟೆಯ ಮೇಲೆ ಕೂತು ಮೊರದಲ್ಲಿ ತೊಗರಿ ಕೇರುತ್ತಿದ್ದರು.

"ಲಾವಣ್ಯ ಅದಾಳೇನಮ್ಮ?"

"ಆಧಾರ್ ಸಲುವಾಗಿ ಬಂದೀರೇನ್ರಿ ಮೇಡಮ್ಮ? ಆಕಿ ಇಲ್ಲ ಅಂತ ಎಷ್ಟು ಸಲ ಹೇಳಬೇಕ್ರಿ ನಿಮಗ."

"ಎಲ್ಲಿಗೆ ಹೋಗ್ಯಾಳ?"

ಮೊರ ನಿಂತಿತು. "ಮಿರ್ಚಿ ಕೀಳಾಕ ಗುಂಟೂರು ಕಡಿ ಹೋಗಿದ್ವಿರಿ. ಅಲ್ಲೇ ಜರ ಬಂತು, ನಾಕು ದಿನದಾಗ ಹೋದ್ಲು. ಬರೋ ಸಂಕ್ರಾಂತಿಗಿ ಎರಡು ವರ್ಷ ಆಗತೈತಿ."

ಜನವರಿಯಲ್ಲಿ ತೀರಿಕೊಂಡ ಹುಡುಗಿ ಮಾರ್ಚಿನಲ್ಲಿ ನಾಲ್ಕನೇ ತರಗತಿಯ ಪರೀಕ್ಷೆ ಬರೆದಿದ್ದಳು. ಮರುವರ್ಷ ಐದನೆಯದನ್ನೂ ಬರೆದಿದ್ದಳು. ನನ್ನ ಚೀಲದಲ್ಲಿ ಅವಳ ಪ್ರಗತಿಯ ನಕ್ಷೆಯಿತ್ತು. ದಾಖಲೆಯಲ್ಲಿ ಅವಳು ಪರೀಕ್ಷೆ ಬರೆದಿರುವುದನ್ನು ಮುಚ್ಚಿಡಬೇಕಿತ್ತೋ ಏನೋ, ಬಾಯಿ ತಡೆಯದೆ ಹೇಳಿಬಿಟ್ಟೆ. ಮೂಕಮ್ಮ ಅಳಲಿಲ್ಲ, ಸಿಟ್ಟಾಗಲಿಲ್ಲ. ಮೊರವನ್ನು ಪಕ್ಕಕ್ಕಿಟ್ಟು ಕೇಳಿದರು.

"ನಾಕನೇತ್ಯಾಗ ಎಷ್ಟು ಬಂದಾವ್ರಿ?"

"ಹದಿನಾರು."

"ಐದನೇತ್ಯಾಗ?"

"ಇಪ್ಪತ್ತೊಂದು."

"ಹೆಚ್ಚು ಬಂದಾವಲ್ರಿ" ಎಂದರು. ಆ ದನಿ ಇವತ್ತಿಗೂ ನನ್ನ ಕಿವಿಯಲ್ಲಿದೆ. ಪರೀಕ್ಷೆಗಳ ಬಗ್ಗೆ ಎಷ್ಟೋ ಪುಸ್ತಕ ಓದಿದ್ದೇನೆ. ಅಂಕವೆಂದರೆ ಏನೆಂದು ಅಷ್ಟು ಸ್ಪಷ್ಟವಾಗಿ ಯಾವುದೂ ನನಗೆ ಹೇಳಿರಲಿಲ್ಲ.

ಬಳಿಕ, ಬರೆದವರು ಯಾರಿರಬಹುದೆಂದು ಹೊಳೆದಂತೆ, ಅವರೇ ಪಕ್ಕದ ಮನೆಯತ್ತ ತಿರುಗಿ "ಏ ಹರಿತಾ, ಬಾ ಇಲ್ಲಿ" ಎಂದು ಕೂಗಿದರು. ಹರಿತಾ ಲಾವಣ್ಯನ ಜೊತೆ ಒಂದೇ ಬೆಂಚಿನಲ್ಲಿ ಕೂರುತ್ತಿದ್ದವಳು, ಈಗ ಆರನೇ ತರಗತಿ. ಅವಳು ಸತ್ತ ಮೇಲೆ ಹಾಜರಿಯಲ್ಲಿ ಲಾವಣ್ಯನ ಹೆಸರು ಕರೆದಾಗ "ಯೆಸ್ ಸಾರ್" ಎನ್ನುತ್ತಿದ್ದವಳೂ ಇವಳೇ. ಪರೀಕ್ಷೆಯ ದಿನ ತನ್ನದು ಮುಗಿಸಿದ ಮೇಲೆ ಮೇಷ್ಟ್ರು ಎರಡನೆಯ ಪತ್ರಿಕೆ ಕೈಗಿಟ್ಟು, ತೋಚಿದ್ದು ಬರೆದು ತುಂಬು ಎಂದಿದ್ದರಂತೆ. ಇವಳು ತೋಚಿದ್ದು ಬರೆಯಲಿಲ್ಲ.

"ಕೂಡಿಸೋವಾಗ ಕೈಲಿಟ್ಟ ಒಂದನ್ನ ಆಕಿ ಯಾವಾಗ್ಲೂ ಮರೀತಿದ್ಲುರಿ. ಹಂಗ ಬರದೆ. ಭಾಗಾಕಾರ ಕಂಡ್ರ ಆಕಿಗಿ ಹೊಟ್ಟಿನೋವು ಬರತಿತ್ತು, ಅದನ್ನ ಬಿಟ್ಟೆ."

"ನಿನಗೇನು ಭಾರಿ ಬರತಿತ್ತೇನ? ಇಬ್ರೂ ಕೂಡೇ ಸಾರ್ ಕೈಲೆ ಏಟು ತಿಂದೀರಿ" ಎಂದರು ಮೂಕಮ್ಮ.

"ನನಗ ಬರತೈತಬೇ, ಆಕಿಗೇ ಬರತಿದ್ದಿಲ್ಲ."

ನಾನು ಕೇಳಿದೆ: "ಮತ್ತ ಐದನೇತ್ಯಾಗ ಭಾಗಾಕಾರ ಸರಿ ಮಾಡೀಯಲ್ಲ, ಯಾಕ?"

ನಾನೇ ಏನೂ ಅರಿಯದವಳು ಎಂಬಂತೆ ಹುಡುಗಿ ನನ್ನನ್ನು ನೋಡಿದಳು. "ಒಂದು ವರ್ಷ ಆಗಿತ್ತಲ್ರಿ. ಆಕಿನೂ ಕಲೀತಾಳಲ್ರಿ."

ನಿರ್ದೇಶಕರೇ, ಇಂಥದ್ದನ್ನು ಹಿಡಿಯುವ ಲೆಕ್ಕಾಚಾರ ನಿಮ್ಮ ಬಳಿ ಇದೆಯೇ? ನನ್ನ ಬಳಿ ಇಲ್ಲ. ನಾನು ಕವಿತೆ ಓದುವ ಅಭ್ಯಾಸದವಳು. ಬರೆಯದೆ ಬಿಟ್ಟ ಸಾಲನ್ನೂ ಓದಬೇಕು ಎಂಬುದು ಅಲ್ಲಿ ನಾನು ಕಲಿತ ಪಾಠ, ಮಾಪನಕ್ಕೆ ಬಂದಾಗ ಅದನ್ನು ಬಾಗಿಲಲ್ಲೇ ಬಿಟ್ಟು ಬಂದಿದ್ದೆ. ಆ ಊರಿನಿಂದ ಬಂದ ಮೇಲೆ ಪಟ್ಟಿಯ ಯಾವ ಸಾಲನ್ನು ನೋಡಿದರೂ ಅದರ ಹಿಂದೆ ಇನ್ನೊಂದು ಮಗು ತಲೆ ಬಗ್ಗಿಸಿ ಬರೆಯುತ್ತಿರುವಂತೆ ಕಾಣುತ್ತದೆ.

ಮೇಷ್ಟ್ರನ್ನು ಶಿಕ್ಷಿಸುವ ಉತ್ಸಾಹ ನಿಮಗೆ ಈಗಾಗಲೇ ಬಂದಿರಬಹುದು. ಸ್ವಲ್ಪ ತಡೆಯಿರಿ. ಅವರನ್ನೂ ಕಂಡೆ. "ಸಾವು ಆಗಿದ್ದು ಅಲ್ಲಿ, ಕಾಗದ ಇಲ್ಲಿಗಿ ಬರಲಿಲ್ಲ ಮೇಡಂ. ಹೆಸರು ಹೊಡದ್ರ ಸಂಖ್ಯೆ ಸಾಲಂಗಿಲ್ಲ, ಸ್ಕೂಲ್ ತೆಲುಗು ಮೀಡಿಯಂದಾಗ ಸೇರಸ್ತಾರ. ಹೆಸರು ಇಟ್ರ ಆಕಿ ಪರೀಕ್ಷಾಕ ಗೈರು. ಗೈರು ಹೆಚ್ಚಾದ್ರ ನೋಟೀಸು. ನೀವ ಹೇಳ್ರಿ" ಎಂದರು. ಗೈರುಹಾಜರಿ ನೂರಕ್ಕೆ ಐದು ಮೀರಿದ ಶಾಲೆಗೆ ನೋಟೀಸು ಕೊಡಬೇಕೆಂಬ ನಿಯಮ ಬರೆದ ಸಮಿತಿಯಲ್ಲಿ ನಾನೂ ಇದ್ದೆ. ಮಾಹಿತಿ ಶುದ್ಧವಾಗಿರಲಿ ಎಂದು ಆ ಸಾಲನ್ನು ಸೂಚಿಸಿದವಳೇ ನಾನು. ಅಂದು ಚಹಾ ಕುಡಿಯುತ್ತ ಹತ್ತು ನಿಮಿಷದಲ್ಲಿ ಒಪ್ಪಿದೆವು. ಸತ್ತ ಮಗು ಯಾವ ಲೆಕ್ಕಕ್ಕೆ ಎಂದು ಯಾರೂ ಕೇಳಲಿಲ್ಲ. ಹರಿತಾಳ ಕೈಗೆ ಎರಡನೆಯ ಪತ್ರಿಕೆ ಬಂದದ್ದು ನನ್ನ ಮೇಜಿನಿಂದ ಹೊರಟು.

ನಿಮ್ಮ ಪತ್ರದ ಕೊನೆಯಲ್ಲಿ ನನಗೊಂದು ಕರುಣೆಯ ಸಲಹೆಯೂ ಇದೆ. "ಸದರಿ ಸಾಲನ್ನು ಕೈಬಿಟ್ಟು ಸಂಶೋಧನೆ ಮುಂದುವರಿಸಬಹುದು, ವಿಷಯ ಬಹಿರಂಗಪಡಿಸಿದಲ್ಲಿ ಮಾಹಿತಿ ಬಳಕೆಯ ಅನುಮತಿ ಹಿಂಪಡೆಯಲಾಗುವುದು." ಅಂದರೆ ನನ್ನ ಪ್ರಬಂಧದಲ್ಲಿ ಲಾವಣ್ಯ ಇರಬಾರದು, ನಿಮ್ಮ ಪ್ರಗತಿ ವರದಿಯಲ್ಲಿ ಇರಬೇಕು. ನನಗೆ ಸತ್ತವಳು, ನಿಮಗೆ ಹಾಜರು. ಈ ಪತ್ರ ಅಚ್ಚಾದ ದಿನ ಅನುಮತಿ ಹೋಗುತ್ತದೆ, ಅದರ ಜೊತೆ ಆರು ವರ್ಷದ ಕೆಲಸವೂ ಹೋಗುತ್ತದೆ. ಹೋಗಲಿ ಎನ್ನುವಷ್ಟು ದೊಡ್ಡವಳಲ್ಲ ನಾನು. ಈ ಪತ್ರವನ್ನು ಮೂರು ವಾರ ಬರೆದು ಹರಿದಿದ್ದೇನೆ.

ಬರೆಯುವಂತೆ ಮಾಡಿದ್ದು ಮೊನ್ನೆ ನಿಮ್ಮ ಕಚೇರಿ ಪ್ರಕಟಿಸಿದ ಆರನೇ ತರಗತಿಯ ಪಟ್ಟಿ. ಮಾರ್ಚಿನ ಪರೀಕ್ಷೆಗೆ ಕೂರಬೇಕಾದ ಹೈಸ್ಕೂಲಿನ ಹೆಸರುಗಳಲ್ಲಿ ಹರಿತಾ ಇದ್ದಾಳೆ. ಐದನೆಯದು ಪಾಸಾದವಳೆಂದು ಅವಳ ಕೆಳಗೆ ಲಾವಣ್ಯನೂ ಇದ್ದಾಳೆ. ಹರಿತಾ ತಾಯಿಯ ಫೋನಿನಿಂದ ನನಗೆ ಕರೆ ಮಾಡಿದಳು.

"ಮೇಡಂ, ಆಕಿ ಹೆಸರು ಬಂದೈತ್ರಿ. ಈ ಸಲ ಇಂಗ್ಲಿಷೂ ಐತಿ. ಆಕಿಗಿ ಎಷ್ಟು ಬರತಿತ್ತೋ ನನಗ ಗೊತ್ತಾಗವಲ್ದು. ಏನು ಬರೀಲಿ?"

ಮಗುವಿಗೆ ಎಷ್ಟು ಬರುತ್ತದೆ ಎಂದು ಅಳೆಯುವುದೇ ನನ್ನ ವಿದ್ಯೆ. "ಇರವಾ, ಕೇಳಿ ಹೇಳ್ತೀನಿ" ಎಂದೆ. ಕೇಳಬೇಕಾದದ್ದು ನಿಮ್ಮನ್ನು, ಕೇಳುತ್ತಿದ್ದೇನೆ.

ಹಳೆಯ ಪತ್ರಿಕೆಗಳನ್ನು ಮಾರ್ಚ್ ಕೊನೆಗೆ ನಾಶ ಮಾಡುವುದಾಗಿ ನಿಮ್ಮ ಸುತ್ತೋಲೆ ಹೇಳುತ್ತದೆ. ಅದಕ್ಕೆ ಮೊದಲು ಆ ಎರಡು ಪತ್ರಿಕೆಗಳನ್ನು ಮೂಕಮ್ಮನವರಿಗೆ ಕೊಡಿ. ಅವರಿಗೆ ಓದು ಬರುವುದಿಲ್ಲ, ಮಗಳ ಹೆಸರು ಎಲ್ಲಿದೆ ಎಂದು ಹರಿತಾ ತೋರಿಸುತ್ತಾಳೆ. ಪರೀಕ್ಷೆಗೆ ಮೊದಲು ಪಟ್ಟಿಯಲ್ಲಿ ಲಾವಣ್ಯನ ಹೆಸರಿನ ಮುಂದೆ "ಮರಣ" ಎಂದು ಬರೆಯಿರಿ, ಮತ್ತು ಅದಕ್ಕಾಗಿ ಯಾವ ಶಾಲೆಯ ಬಾಗಿಲನ್ನೂ ಹಾಕಬೇಡಿ. ಗೆಳತಿಯ ಪಾಲಿನದನ್ನೂ ಕಲಿಯುತ್ತ ಹನ್ನೊಂದು ವರ್ಷದ ಹುಡುಗಿ ಎರಡು ವರ್ಷ ಒಬ್ಬಳೇ ಅವಳನ್ನು ಬೆಳೆಸಿದ್ದಾಳೆ. ಈ ಮಾರ್ಚಿನಲ್ಲಿ ಅವಳು ತನ್ನ ಒಂದು ಪತ್ರಿಕೆಯನ್ನು ಮಾತ್ರ ಬರೆದು ಮನೆಗೆ ಹೋಗಲಿ.

ಇಂತಿ,
ಈ ಪತ್ರ ಅಚ್ಚಾಗುವವರೆಗೆ ಸಂಶೋಧಕಿ,
ಭುವನಾ
ಆದೋನಿ