ಕೊಂದವ ಡಾಕ್ಟರ್ ಅಲ್ರಿ

ಯಜಮಾನರಿಗೆ ನಮಸ್ಕಾರ, ಸಿಟ್ಟಿನ ಜೋಡಿ.

ನಿಮ್ಮ ಕೂಡ ಮಾತಾಡಂಗಿಲ್ಲಂತ ಘತ್ತರಗಿ ಭಾಗ್ಯವಂತಿ ದೇವಿ ಆಣಿ ಮಾಡೀನಿ, ಅದಕ್ಕ ಈ ಪತ್ರ. ಸಿನಿಮಾ ಅರ್ಧ ಆಗಿದ್ದಾಗ ನೀವು "ಕೊಂದವ ಡಾಕ್ಟರೇ ನೋಡು" ಅಂದ್ರಿ. ನಾ ಡಿಸ್ಕ್ ಸಮೇತ ಪ್ಲೇಯರ್ ಹೊತ್ಕೊಂಡು ಯಡ್ರಾಮಿಗೆ, ತವರಮನಿಗೆ ಬಂದೆ. ನಿನ್ನೆ ಅವ್ವನ ಜೋಡಿ ಕುಂತು ಪೂರಾ ನೋಡಿದೆ. ಡಾಕ್ಟರ್ ಅಲ್ಲವೇ ಅಲ್ಲ! ಆ ಸಿನಿಮಾ ನೀವೂ ನೋಡಿಲ್ಲ. ಸುಮ್ಮನ ನನ್ನ ಕಾಡ್ಸಾಕ ಸುಳ್ಳು ಹೇಳೀರಿ.

ಖರೇ ಕೊಂದವರು ಯಾರಂತ ನಾ ಬರೆಯಂಗಿಲ್ಲ. ಬೇಕಾದ್ರ ಬಂದು ನೋಡ್ರಿ.

ಬರುವಾಗ ರಿಮೋಟ್ ತರ್ರಿ, ದಿಂಬಿನ ಬುಡಕ ಅದ. ಅದಿಲ್ಲದ, ಅಂಜಿಕಿ ಬಂದಾಗ ನಿಲ್ಲಿಸಾಕ ಆಗವಲ್ದು. ಅವ್ವ ಅಂಜಿದ್ರ ನನ್ನ ಕೈ ಹಿಡೀತಾಳ. ನಾ ಯಾರ ಕೈ ಹಿಡೀಲಿ?

ಸಿಟ್ಟು ಇನ್ನೂ ಇಳಿದಿಲ್ಲ,
ಮಹಾನಂದಾ